ಶುಕ್ರವಾರದ ನಗುವಿಗೆ ದುಡ್ಡು ಕೊಡುವವರು ಯಾರು?

ಶುಕ್ರವಾರ ಬೆಳಿಗ್ಗೆ ಏಳೂವರೆ, ಎಂಟರ ಸುಮಾರಿಗೆ ಶಾಲಾ ಮಕ್ಕಳನ್ನು ತುಂಬಿಕೊಂಡ ವ್ಯಾನಿನ ಪಕ್ಕ ನಿಂತರೆ ಸಾಕು, ಆ ವಾರದ ಸಿನಿಮಾ ಸಮಾಚಾರವೆಲ್ಲ ಕಿವಿಗೆ ಬೀಳುತ್ತದೆ. ಎಫ್.ಎಂ. ರೇಡಿಯೋದಲ್ಲಿ ಇಬ್ಬರು ನಿರೂಪಕರು ತೆರೆಗೆ ಬರಲಿರುವ ಚಿತ್ರಗಳನ್ನು, ಹೊಸ ಹಾಡುಗಳನ್ನು ಒಂದೊಂದಾಗಿ ಎತ್ತಿಕೊಂಡು ಚಟಾಕಿ ಹಾರಿಸುತ್ತಿರುತ್ತಾರೆ. ನಾಯಕನ ಮೀಸೆಗೊಂದು ಮಾತು, ಹಾಡಿನ ಪಲ್ಲವಿಗೊಂದು ಅಣಕ, ನಾಯಕಿಯ ಕನ್ನಡ ಉಚ್ಚಾರಣೆಗೊಂದು ಕೊಂಕು. ನಡುವೆ ಗಹಗಹಿಸುವ ನಗು. ಮತ್ತೆ ಹಾಡು. ಮಕ್ಕಳು ಶಾಲೆಯ ಗೇಟು ದಾಟುವ ಹೊತ್ತಿಗೆ ಯಾವ ಚಿತ್ರ ‘ಸೂಪರ್’, ಯಾವುದು ‘ಡಬ್ಬಾ’ ಎಂಬ ತೀರ್ಪು ಹೊರಬಿದ್ದಿರುತ್ತದೆ. ಮೊದಲ ಪಿರಿಯಡ್ಡಿನಲ್ಲಿ ಹಾಜರಿ ಕರೆಯುವಾಗ ಹಿಂದಿನ ಬೆಂಚಿನಿಂದ ಅದೇ ಚಟಾಕಿ, ಅದೇ ಧಾಟಿಯಲ್ಲಿ ಕೇಳಿಬರುತ್ತದೆ.

ಇಲ್ಲೊಂದು ಸಣ್ಣ ಲೆಕ್ಕವಿದೆ. ಬಹುಪಾಲು ಚಿತ್ರಗಳ ಮೊದಲ ಆಟ ಶುರುವಾಗುವುದು ಹತ್ತು ಗಂಟೆಯ ಸುಮಾರಿಗೆ. ಹಿಂದಿನ ದಿನ ವಿಶೇಷ ಪ್ರದರ್ಶನಕ್ಕೆ ಹೋಗಿಬಂದವರನ್ನು ಬಿಟ್ಟರೆ, ಏಳೂವರೆಗೆ ಮಾತನಾಡುವವರು ಚಿತ್ರವನ್ನು ಇನ್ನೂ ನೋಡಿರುವುದಿಲ್ಲ. ಹಾಗಾದರೆ ಅವರು ನಗುತ್ತಿರುವುದು ಯಾವುದಕ್ಕೆ? ಟ್ರೇಲರಿಗೆ, ಪೋಸ್ಟರಿಗೆ, ಗಾಳಿಸುದ್ದಿಗೆ. ತಮಾಷೆ ತಪ್ಪೇನೂ ಅಲ್ಲ. ಮುಂಜಾನೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದವರಿಗೆ ಅದೊಂದು ಉಪಕಾರವೇ. ಆದರೆ ಆ ನಗುವಿನ ಖರ್ಚನ್ನು ಯಾರು ಭರಿಸುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಹದಿಮೂರು ಹದಿನಾಲ್ಕು ವರ್ಷದ ಹುಡುಗ ಹುಡುಗಿಯರು ಕೇಳಿಕೊಳ್ಳುವುದು ಒಳ್ಳೆಯದು. ಅವರ ಹಟಕ್ಕೆ ಟಿಕೆಟ್ಟು ಕೊಳ್ಳುವ ತಂದೆತಾಯಿಯರೂ ಕೇಳಿಕೊಳ್ಳಬೇಕಾದದ್ದೇ.

ಕಿವಿಯ ಪಕ್ಕದ ದನಿ

ಬೆಂಗಳೂರು ಆಕಾಶವಾಣಿಯನ್ನು 612 ಕಿಲೋಹರ್ಟ್ಸ್‌ನಲ್ಲಿ ಕೇಳಿ ಬೆಳೆದವರಿಗೆ ಆ ದನಿ ಎಲ್ಲೋ ದೂರದಿಂದ, ಗೌರವದಿಂದ ಬರುತ್ತಿದ್ದಂತೆ ನೆನಪಿರಬಹುದು. ಎಫ್.ಎಂ. ನಿರೂಪಕರು ಮಾತ್ರ ಪಕ್ಕದಲ್ಲೇ ಕುಳಿತು ಹರಟುವಂತೆ ಕೇಳುತ್ತದೆ. ಇದು ಮಾತಿನ ಶೈಲಿಯ ವ್ಯತ್ಯಾಸವಷ್ಟೇ ಅಲ್ಲ, ಭೌತಶಾಸ್ತ್ರವೂ ಹೌದು.

ಮಧ್ಯಮ ತರಂಗದ ಪ್ರಸಾರದಲ್ಲಿ ವಾಹಕ ಅಲೆಯ ಎತ್ತರವನ್ನು ಧ್ವನಿಗೆ ತಕ್ಕಂತೆ ಏರಿಳಿಸುತ್ತಾರೆ. ಮಿಂಚು, ಮೋಟಾರಿನ ಕಿಡಿಗಳು ಇದೇ ಎತ್ತರವನ್ನು ಕೆಡಿಸುವುದರಿಂದ ಗರಗರ ಸದ್ದು ಸೇರಿಕೊಳ್ಳುತ್ತದೆ. ಎರಡು ಕೇಂದ್ರಗಳ ನಡುವೆ 9 ಕಿಲೋಹರ್ಟ್ಸ್ ಅಂತರವಷ್ಟೇ ಇರುವುದರಿಂದ 4.5 ಕಿಲೋಹರ್ಟ್ಸ್ ದಾಟಿದ ಧ್ವನಿಯನ್ನು ಹೆಚ್ಚುಕಡಿಮೆ ಕತ್ತರಿಸಿಬಿಡಬೇಕಾಗುತ್ತದೆ. ‘ಸ’ಕಾರದ ಸುಳಿ, ಉಸಿರಿನ ಸದ್ದು, ನಗುವಿನ ಕೊನೆಯ ಎಳೆ, ಇವೆಲ್ಲ ಬಹುಪಾಲು ಇರುವುದು ಅದರ ಮೇಲೆಯೇ. ಎಫ್.ಎಂ.ನಲ್ಲಿ ಬದಲಾಗುವುದು ಅಲೆಯ ಎತ್ತರವಲ್ಲ, ಆವೃತ್ತಿ. 15 ಕಿಲೋಹರ್ಟ್ಸ್‌ವರೆಗಿನ ಧ್ವನಿ ಅದರಲ್ಲಿ ಸಾಗುತ್ತದೆ. ಹೀಗಾಗಿ ನಿರೂಪಕಿ ಮಾತಿಗೆ ಮೊದಲು ಎಳೆದುಕೊಳ್ಳುವ ಉಸಿರು ಕೂಡ ನಮಗೆ ಕೇಳಿಸುತ್ತದೆ.

ಇದರ ಜತೆಗೆ ಸ್ಟುಡಿಯೋದ ಎರಡು ಉಪಾಯಗಳು. ಒಂದೇ ದಿಕ್ಕಿನ ಧ್ವನಿಯನ್ನು ಹಿಡಿಯುವ ಮೈಕಿಗೆ ಬಾಯಿಯನ್ನು ತೀರ ಹತ್ತಿರ ತಂದರೆ ತಗ್ಗು ಸ್ವರಗಳು ದಪ್ಪವಾಗಿ ಕೇಳಿಸುತ್ತವೆ. ಸಾಧಾರಣ ಕಂಠಕ್ಕೂ ಗಾಂಭೀರ್ಯ ಬರುತ್ತದೆ. ಎರಡನೆಯದು, ಮೆಲ್ಲನೆಯ ಸದ್ದನ್ನು ಮೇಲಕ್ಕೆತ್ತಿ ಜೋರಿನದನ್ನು ಕೆಳಗಿಳಿಸಿ ಎರಡನ್ನೂ ಒಂದು ಮಟ್ಟಕ್ಕೆ ತರುವ ಯಂತ್ರ. ಪಿಸುಮಾತು ಕೂಡ ಬಸ್ಸಿನ ಗದ್ದಲದಲ್ಲಿ ಕೇಳುವುದು ಇದರಿಂದಲೇ. ಕಿವಿಗೆ ಇಷ್ಟು ಹತ್ತಿರ ಬಂದು ಮಾತನಾಡುವವರು ನಿಜಜೀವನದಲ್ಲಿ ಮನೆಯವರು, ಆಪ್ತ ಗೆಳೆಯರು ಮಾತ್ರ. ಯಂತ್ರ ಸೃಷ್ಟಿಸಿದ ಈ ಸಲಿಗೆಯನ್ನು ನಮ್ಮ ಮಿದುಳು ಸ್ನೇಹವೆಂದೇ ತಿಳಿದರೆ ಆಶ್ಚರ್ಯವಿಲ್ಲ.

ಇನ್ನು ನಗು. ಅಮೆರಿಕದ ರಾಬರ್ಟ್ ಪ್ರೊವೈನ್ ಎಂಬ ಮನೋವಿಜ್ಞಾನಿ ಅಂಗಡಿ ಬೀದಿಗಳಲ್ಲಿ, ಕಾಲೇಜಿನ ಆವರಣಗಳಲ್ಲಿ ಜನ ನಗುವುದನ್ನು ಗುಟ್ಟಾಗಿ ಕೇಳಿ ಸುಮಾರು 1200 ಸಂದರ್ಭಗಳನ್ನು ಬರೆದಿಟ್ಟುಕೊಂಡರು. ಅವರಿಗೆ ಕಂಡದ್ದೇನೆಂದರೆ, ನಗುವಿನ ಮುಂಚೆ ಬಂದ ಮಾತುಗಳಲ್ಲಿ ಹೆಚ್ಚಿನವು ಹಾಸ್ಯವೇ ಅಲ್ಲ! ‘ಸರಿ, ಆಮೇಲೆ ಸಿಗೋಣ’ ಎಂಬಂಥ ಸಪ್ಪೆ ಮಾತುಗಳು. ಕೇಳುವವನಿಗಿಂತ ಹೇಳುವವನೇ ಹೆಚ್ಚು ನಗುತ್ತಾನೆ. ಒಬ್ಬಂಟಿಯಾಗಿರುವಾಗಿನದಕ್ಕಿಂತ ಜತೆಯಲ್ಲಿರುವಾಗ ನಾವು ನಗುವುದು ಸುಮಾರು 30 ಪಟ್ಟು ಹೆಚ್ಚು. ಬೆಳಗಿನ ಕಾರ್ಯಕ್ರಮಗಳಿಗೆ ಒಬ್ಬರ ಬದಲು ಇಬ್ಬರನ್ನು ಕೂಡಿಸುವುದರ ಗುಟ್ಟು ಇಲ್ಲಿದೆ. ಜೋಕು ಸಾಲದಿದ್ದರೂ ಜತೆಗಾರ ನಕ್ಕರೆ ಕೇಳುಗನೂ ನಗುತ್ತಾನೆ.

ಹಲ್ಲುಪುಡಿಯ ಹಂಗಿಲ್ಲ, ಪೇಸ್ಟಿನ ಹೆಸರಿತ್ತು

ವಾರದ ಹೊಸ ಹಾಡುಗಳ ಸುತ್ತ ಮಾತು ಹೆಣೆಯುವ ಕಲೆ ನಮ್ಮಲ್ಲಿ ಹೊಸದೇನಲ್ಲ. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಸಿನಿಮಾ ಸಂಗೀತ ಅವರಿಗೆ ಹಿಡಿಸದು. ಆಕಾಶವಾಣಿಯಿಂದ ಅದು ಹೆಚ್ಚುಕಡಿಮೆ ಮಾಯವಾಯಿತು. ಕೇಳುಗರು ಸುಮ್ಮನಿರಲಿಲ್ಲ, ಮುಳ್ಳನ್ನು ರೇಡಿಯೋ ಸಿಲೋನ್ ಕಡೆಗೆ ತಿರುಗಿಸಿದರು. ಅದೇ ವರ್ಷದ ಕೊನೆಯಲ್ಲಿ ಅಲ್ಲಿ ಅಮೀನ್ ಸಯಾನಿಯವರ ‘ಬಿನಾಕಾ ಗೀತ್‌ಮಾಲಾ’ ಶುರುವಾಯಿತು. ಬುಧವಾರ ರಾತ್ರಿ ಎಂಟಕ್ಕೆ ‘ಬೆಹನೋ ಔರ್ ಭಾಯಿಯೋ’ ಎಂಬ ದನಿಗಾಗಿ ಹಿಂದಿ ಅರ್ಧಂಬರ್ಧ ತಿಳಿದ ನಮ್ಮ ಊರುಗಳಲ್ಲೂ ಜನ ಕಾದು ಕೂರುತ್ತಿದ್ದರು. (ಅಣ್ಣತಮ್ಮಂದಿರಿಗಿಂತ ಮೊದಲು ಅಕ್ಕತಂಗಿಯರನ್ನು ಕರೆದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.) ಆಕಾಶವಾಣಿ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಬೇಕಾಗಿ ಬಂದದ್ದರಲ್ಲಿ ಈ ಸ್ಪರ್ಧೆಯ ಪಾಲು ದೊಡ್ಡದು.

ಗೀತ್‌ಮಾಲಾದ ಖರ್ಚು ನೋಡಿಕೊಂಡದ್ದು ಟೂತ್‌ಪೇಸ್ಟ್ ಕಂಪನಿ. ಆದರೆ ಅದರ ಹೆಸರು ಕಾರ್ಯಕ್ರಮದ ತಲೆಯ ಮೇಲೆಯೇ ಇತ್ತು. ಯಾರ ದುಡ್ಡು ಎಂಬುದು ಹಳ್ಳಿಯ ಹುಡುಗನಿಗೂ ಗೊತ್ತಿತ್ತು. ಪೇಸ್ಟು ಮಾರುವವನಿಗೆ ಯಾವ ಹಾಡು ಮೇಲೆ ಬಂದರೇನು, ಕೆಳಗಿಳಿದರೇನು? ಹಾಡಿನ ಸ್ಥಾನ ರೆಕಾರ್ಡ್ ಮಾರಾಟದಿಂದ, ಶ್ರೋತೃ ಸಂಘಗಳ ಅಭಿಪ್ರಾಯದಿಂದ ನಿರ್ಧಾರವಾಗುತ್ತಿತ್ತು. ದುಡ್ಡು ಕೊಟ್ಟವನು ಬೇರೆ, ತೂಕಕ್ಕೆ ಬಿದ್ದ ಸರಕು ಬೇರೆ.

ಇವೆರಡೂ ಒಂದೇ ಆದಾಗ ಏನಾಗುತ್ತದೆಂಬುದಕ್ಕೆ ಅಮೆರಿಕದ ಕಥೆ ಉದಾಹರಣೆ. ಅಲ್ಲಿ ರೆಕಾರ್ಡ್ ಕಂಪನಿಗಳು ತಮ್ಮ ಹೊಸ ಹಾಡನ್ನು ಮತ್ತೆ ಮತ್ತೆ ಹಾಕಿ ಹೊಗಳಲು ನಿರೂಪಕರ ಕೈಬಿಸಿ ಮಾಡುತ್ತಿದ್ದವು. ಇದಕ್ಕೆ ‘ಪೇಯೋಲಾ’ ಎಂದೇ ಹೆಸರಾಯಿತು. ರಾಕ್ ಅಂಡ್ ರೋಲ್ ಸಂಗೀತವನ್ನು ಮನೆಮನೆಗೆ ಮುಟ್ಟಿಸಿದ ಅಲನ್ ಫ್ರೀಡ್ ಆಗಿನ ಅತ್ಯಂತ ಜನಪ್ರಿಯ ನಿರೂಪಕರಲ್ಲೊಬ್ಬ. ಚಕ್ ಬೆರ್ರಿಯ ‘ಮೇಬೆಲಿನ್’ (1955) ಹಾಡಿಗೆ ಸಹಲೇಖಕನೆಂದು ಇವನ ಹೆಸರೂ ಸೇರಿತ್ತು, ಗೌರವಧನದಲ್ಲಿ ಪಾಲೂ ಸಿಗುತ್ತಿತ್ತು. ಇಂಥ ಹಾಡನ್ನು ಅವನು ಹೆಚ್ಚು ಸಲ ಹಾಕದೆ ಇರುತ್ತಾನೆಯೇ? 1959ರಲ್ಲಿ, ತಾನು ಹಣ ಪಡೆದಿಲ್ಲವೆಂಬ ಹೇಳಿಕೆಗೆ ಸಹಿ ಹಾಕಲು ಒಪ್ಪದೆ ಕೆಲಸ ಕಳೆದುಕೊಂಡ. 1962ರಲ್ಲಿ ತಪ್ಪೊಪ್ಪಿಕೊಂಡ, 300 ಡಾಲರ್ ದಂಡ ಕಟ್ಟಿದ. 1965ರಲ್ಲಿ 43ನೆಯ ವಯಸ್ಸಿಗೇ ತೀರಿಕೊಂಡ.

1960ರಲ್ಲಿ ಅಮೆರಿಕದ ಸಂಸತ್ತು ಮಾಡಿದ ಕಾನೂನು ಕುತೂಹಲಕರ. ಹಣ ಪಡೆದು ಹಾಡು ಹಾಕುವುದನ್ನು ಅದು ನಿಷೇಧಿಸಲಿಲ್ಲ. ಪಡೆದದ್ದನ್ನು ಕೇಳುಗರಿಂದ ಮುಚ್ಚಿಡುವುದನ್ನು ಅಪರಾಧವೆಂದಿತು. ಶಿಕ್ಷೆ 10,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಸೆರೆ. ಹಾಗೆಂದು ಚಾಳಿ ನಿಂತಿತೇ? 2005ರಲ್ಲಿ ಸೋನಿ ಬಿಎಂಜಿ ಕಂಪನಿ ಇದೇ ಬಗೆಯ ಆರೋಪಕ್ಕಾಗಿ ನ್ಯೂಯಾರ್ಕ್ ರಾಜ್ಯದೊಡನೆ 1 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಳ್ಳಬೇಕಾಯಿತು.

ಮತ್ತೆ ಮತ್ತೆ ಕೇಳಿಸುವುದಕ್ಕೆ ಕಂಪನಿಗಳು ಇಷ್ಟು ಹಣ ಏಕೆ ಸುರಿಯುತ್ತವೆ? 1968ರಲ್ಲಿ ರಾಬರ್ಟ್ ಝಾಯಾಂಕ್ ಎಂಬ ವಿಜ್ಞಾನಿ ಅರ್ಥವಿಲ್ಲದ ಪದಗಳನ್ನು, ಅಪರಿಚಿತ ಮುಖಗಳ ಚಿತ್ರಗಳನ್ನು ಜನರಿಗೆ ತೋರಿಸಿದರು. ಕೆಲವನ್ನು ಒಂದೆರಡು ಸಲ, ಕೆಲವನ್ನು ಹತ್ತಾರು ಸಲ. ಹೆಚ್ಚು ಸಲ ಕಂಡದ್ದೇ ಜನರಿಗೆ ಹೆಚ್ಚು ಹಿಡಿಸಿತು. ಕಾರಣ ಬೇರೇನೂ ಇಲ್ಲ, ಬರೀ ಪರಿಚಯ. ಅಣಕ ಮಾಡಿದ ಹಾಡೂ ಕಿವಿಗೆ ಬಿದ್ದ ಹಾಡೇ.

ಬೈಯುವ ಸ್ವಾತಂತ್ರ್ಯ

ಇನ್ನೊಂದು ಬಗೆಯ ಶುಕ್ರವಾರವೂ ಉಂಟು. ಬ್ರಿಟನ್ನಿನ ಬಿಬಿಸಿ ರೇಡಿಯೋ 5 ಲೈವ್‌ನಲ್ಲಿ 2001ರಿಂದ 2022ರ ಏಪ್ರಿಲ್ 1ರವರೆಗೆ ಮಾರ್ಕ್ ಕರ್ಮೋಡ್ ಮತ್ತು ಸೈಮನ್ ಮೇಯೋ ಎಂಬಿಬ್ಬರು ವಾರದ ಹೊಸ ಚಿತ್ರಗಳ ಬಗ್ಗೆ ಹರಟುತ್ತಿದ್ದರು. ಹರಟೆ ಎನ್ನುವುದಕ್ಕಿಂತ ಗಂಡಹೆಂಡಿರ ಜಗಳದಂತಿತ್ತು ಎನ್ನಬಹುದು. ಕರ್ಮೋಡ್ ಭಯಾನಕ ಸಾಹಿತ್ಯದ ಮೇಲೆ ಪಿಎಚ್.ಡಿ. ಮಾಡಿದ ವಿಮರ್ಶಕ. ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’, ‘ಟ್ರಾನ್ಸ್‌ಫಾರ್ಮರ್ಸ್’ನಂಥ ಭಾರಿ ಬಜೆಟ್ಟಿನ ಚಿತ್ರಗಳನ್ನು ಉಸಿರು ಬಿಡದೆ ಬೈಯುವುದಕ್ಕೆ ಹೆಸರಾದವರು. ಮೇಯೋ ಅವರನ್ನು ಕಿಚಾಯಿಸುತ್ತ ಹಿಡಿತದಲ್ಲಿಡುತ್ತಿದ್ದರು. ಕೇಳುಗರ ಪತ್ರಗಳೇ ಅರ್ಧ ಕಾರ್ಯಕ್ರಮ. ಚಿತ್ರಮಂದಿರದಲ್ಲಿ ಹೇಗಿರಬೇಕೆಂಬ ನಿಯಮಾವಳಿಯನ್ನೂ ಹೊರಡಿಸಿದ್ದರು. ಅದರ ಪ್ರಕಾರ ಒಳಗೇನೂ ಹೂರಣವಿಲ್ಲದ ಮೆತ್ತನೆಯ ಬನ್ನಿಗಿಂತ ಗಟ್ಟಿಯಾದ ತಿಂಡಿಯನ್ನು ಒಳಗೆ ತಿನ್ನಕೂಡದು!

ತಾರೆಯರು ತಮ್ಮ ಚಿತ್ರದ ಪ್ರಚಾರಕ್ಕಾಗಿ ಅಲ್ಲಿಗೂ ಬರುತ್ತಿದ್ದರು, ಮೇಯೋ ಅವರನ್ನು ಆದರದಿಂದಲೇ ಮಾತನಾಡಿಸುತ್ತಿದ್ದರು. ಅತಿಥಿ ಎದ್ದುಹೋದ ಮೇಲೆ ಕರ್ಮೋಡ್ ಬಾಯಿ ತೆರೆಯುತ್ತಿದ್ದರು. ಬ್ರಿಟನ್ನಿನೊಳಗೆ ಬಿಬಿಸಿ ಜಾಹೀರಾತು ಪಡೆಯುವುದಿಲ್ಲ, ಮನೆಮನೆಯ ಲೈಸೆನ್ಸ್ ಶುಲ್ಕದಿಂದ ನಡೆಯುತ್ತದೆ. ಚಿತ್ರ ಕಂಪನಿ ಮುನಿಸಿಕೊಂಡರೆ ಒಂದು ಸಂದರ್ಶನ ತಪ್ಪಬಹುದು, ಸಂಬಳ ನಿಲ್ಲುವುದಿಲ್ಲ.

ನಮ್ಮಲ್ಲಿ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ ಹೇಳಿತು. ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರವಾಗಿ ರೇಡಿಯೋ ಸಿಟಿ ಬೆಂಗಳೂರಿನಲ್ಲೇ 2001ರ ಜುಲೈ 3ರಂದು ಬಾಯಿ ತೆರೆಯಿತು. ಖಾಸಗಿ ಕೇಂದ್ರಗಳು ಸ್ವಂತ ಸುದ್ದಿ ಹೇಳುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದಂತೆ ಮರುಪ್ರಸಾರ ಮಾಡಬಹುದು ಅಷ್ಟೆ. ಆವೃತ್ತಿಗಾಗಿ ಹರಾಜಿನಲ್ಲಿ ಹಣ ತೆತ್ತು, ವರ್ಷವರ್ಷ ಶುಲ್ಕ ಕಟ್ಟಿ, ಸುದ್ದಿಯನ್ನೂ ಹೇಳದೆ ದಿನವಿಡೀ ಮಾತನಾಡಬೇಕೆಂದರೆ ಉಳಿಯುವುದು ಸಿನಿಮಾ ಮತ್ತು ತಮಾಷೆ. ಆದಾಯವೋ ಜಾಹೀರಾತಿನದು. ಜಾಹೀರಾತು ಕೊಡುವವರಲ್ಲಿ ಹೊಸ ಚಿತ್ರದ ನಿರ್ಮಾಪಕರೂ ಇರುತ್ತಾರೆ. ಬೆಳಿಗ್ಗೆ ಯಾರ ಜಾಹೀರಾತು ಬಂತೋ ಅವರ ಚಿತ್ರವನ್ನು ಅರ್ಧ ಗಂಟೆಯ ನಂತರ ನಿಷ್ಠುರವಾಗಿ ಲೇವಡಿ ಮಾಡಲು ಇಪ್ಪತ್ತೈದರ ತರುಣನಿಗೆ ಎಷ್ಟು ಧೈರ್ಯ ಬೇಕು, ಯೋಚಿಸಿ. ಅವನನ್ನು ದೂರಿ ಪ್ರಯೋಜನವಿಲ್ಲ. ಮೀಸೆಯನ್ನು, ಪೋಸ್ಟರನ್ನು ಗೇಲಿ ಮಾಡಿ ಕಥೆಯ ತಂಟೆಗೆ ಹೋಗದಿರುವುದು ಅವನ ಜಾಣತನ.

ಪ್ರತಿಭೆ ಇಲ್ಲವೆಂದಲ್ಲ. ದಾನಿಶ್ ಸೇಠ್ ಅವರ ತಮಾಷೆಯ ಫೋನ್ ಕರೆಗಳಲ್ಲಿ ಹುಟ್ಟಿದ ರಾಜಕಾರಣಿ ನೋಗ್‌ರಾಜ್ 2018ರಲ್ಲಿ ‘ಹಂಬಲ್ ಪೊಲಿಟಿಷಿಯನ್ ನೋಗ್‌ರಾಜ್’ ಚಿತ್ರದ ನಾಯಕನೇ ಆದ. ಶುಕ್ರವಾರದ ಚಟಾಕಿಯೇ ಶುಕ್ರವಾರದ ಬಿಡುಗಡೆಯಾಯಿತು.

ಈಗ ಇದೇ ಹರಟೆ ಮೊಬೈಲಿನ ಸಣ್ಣ ವಿಡಿಯೋಗಳಿಗೂ ಇಳಿದಿದೆ. ಹಣ ಪಡೆದು ಹೊಗಳಿದರೆ ಹಾಗೆಂದು ಸ್ಪಷ್ಟವಾಗಿ ಹೇಳಬೇಕೆಂದು ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲೂ, ಕೇಂದ್ರದ ಗ್ರಾಹಕ ಸಂರಕ್ಷಣಾ ಮಾರ್ಗಸೂಚಿಗಳು 2022ರಲ್ಲೂ ಹೇಳಿವೆ. ಮೂಲೆಯಲ್ಲಿ ಸಾಸಿವೆ ಗಾತ್ರದ ಅಕ್ಷರ ಕಂಡರೆ ಅದನ್ನು ಓದಲು ಮಕ್ಕಳಿಗೆ ಹೇಳಿಕೊಡಿ.

ನನ್ನ ಒಂಬತ್ತನೆಯ ತರಗತಿಯವರಿಗೆ ಒಂದು ಕೆಲಸ ಕೊಡುವುದುಂಟು. ಶುಕ್ರವಾರ ಅರ್ಧ ಗಂಟೆ ರೇಡಿಯೋ ಕೇಳಬೇಕು, ಪುಸ್ತಕದಲ್ಲಿ ಗೆರೆ ಎಳೆದು ಗುರುತು ಹಾಕಬೇಕು. ಒಂದು ಕಾಲಂನಲ್ಲಿ ಆ ಅರ್ಧ ಗಂಟೆಯಲ್ಲಿ ಬಂದ ಜಾಹೀರಾತುಗಳು. ಇನ್ನೊಂದರಲ್ಲಿ ನಿರೂಪಕರು ಹೆಸರಿಸಿದ ಚಿತ್ರಗಳು, ಅವುಗಳ ಎದುರು ಜೋಕು ಚಿತ್ರದ ಬಗ್ಗೆಯೋ ಚಿತ್ರದ ಸುತ್ತಮುತ್ತಲ ಸಂಗತಿಯ ಬಗ್ಗೆಯೋ ಎಂದು ಒಂದು ಮಾತು. ಒಬ್ಬ ಹುಡುಗ ತಕರಾರು ತೆಗೆದ: “ಸಾರ್, ದುಡ್ಡು ತಗೊಂಡೇ ಹೇಳಿದ್ರೂ ಜೋಕ್ ಚೆನ್ನಾಗಿತ್ತಲ್ಲ?” ಚೆನ್ನಾಗಿಯೇ ಇತ್ತು, ನಾನೂ ನಕ್ಕೆ. ಆ ಚಿತ್ರದ ವಿಷಯ ಏನೇನು ನೆನಪಿದೆ ಎಂದು ಕೇಳಿದರೆ ಹೆಸರು, ತಾರಾಗಣ, ಬಿಡುಗಡೆಯಾದ ಥಿಯೇಟರು ಎಲ್ಲ ಪಟಪಟನೆ ಒಪ್ಪಿಸಿದ. ಪಕ್ಕದ ಹುಡುಗಿ ಅದನ್ನು ಜಾಹೀರಾತಿನ ಕಾಲಂಗೆ ಬರೆದುಕೊಂಡಳು.

ಮೂರನೆಯ ಕಾಲಂ ಭಾನುವಾರ ರಾತ್ರಿಯದು. ಅಷ್ಟರೊಳಗೆ ಮನೆಯಲ್ಲೋ ಬೀದಿಯಲ್ಲೋ ಯಾರಾದರೂ ಟಿಕೆಟ್ಟು ಕೊಂಡು ಚಿತ್ರ ನೋಡಿರುತ್ತಾರೆ. ಅವರನ್ನು ಕೇಳಿ ತುಂಬಬೇಕು.