ಕುತ್ತಿಗೆ ನೋವಿನ ದರಪಟ್ಟಿ

ಸಿಗ್ನಲ್‌ನಲ್ಲಿ ನಿಂತ ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಬಂದು ಗುದ್ದಿತು ಎನ್ನಿ. ಸೀಟಿಗೆ ಒರಗಿದ ಮೈ ಕಾರಿನ ಜೊತೆ ಮುಂದಕ್ಕೆ ಹೋಗುತ್ತದೆ, ತಲೆ ಹಿಂದೆ ಉಳಿಯುತ್ತದೆ. ಮರುಕ್ಷಣ ತಲೆಯೂ ಮುಂದಕ್ಕೆ ಚಿಮ್ಮುತ್ತದೆ, ಬೀಸಿದ ಚಾವಟಿಯ ತುದಿಯ ಹಾಗೆ. ಇಂಗ್ಲಿಷಿನಲ್ಲಿ ಇದಕ್ಕೆ ‘ವಿಪ್‌ಲ್ಯಾಶ್’ ಎಂದೇ ಹೆಸರು. ಹೆಚ್ಚಿನವರಿಗೆ ಮೂಳೆ ಮುರಿದಿರುವುದಿಲ್ಲ, ರಕ್ತವೂ ಬಂದಿರುವುದಿಲ್ಲ. ಆದರೆ ಕತ್ತು ತಿರುಗಿಸಲಾಗದೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಒದ್ದಾಟ.

ಮಕ್ಕಳೇ, ಈ ನೋವಿಗೆ ಎಷ್ಟು ಹಣ ಕೊಡಬೇಕು? ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದಕ್ಕೊಂದು ದರಪಟ್ಟಿಯೇ ಇದೆ. ಸುಳ್ಳು ನೋವು ಹೇಳಿ ಹಣ ಕೇಳುವವರಿಂದ ಎಲ್ಲರ ವಿಮಾ ಕಂತೂ ಏರುತ್ತಿದೆ ಎಂದು ಅಲ್ಲಿನ ಸರಕಾರ 2018ರಲ್ಲಿ ಕಾನೂನು ಮಾಡಿತು. ಪಟ್ಟಿ ಜಾರಿಗೆ ಬಂದದ್ದು 2021ರ ಮೇ 31ರಂದು. ನೋವು 3 ತಿಂಗಳೊಳಗೆ ವಾಸಿಯಾದರೆ 240 ಪೌಂಡ್, ಒಂದೂವರೆಯಿಂದ ಎರಡು ವರ್ಷ ಕಾಡಿದರೆ 4,215 ಪೌಂಡ್. ಚಿಕಿತ್ಸೆಯ ಖರ್ಚು, ಕಳೆದುಕೊಂಡ ಸಂಬಳ ಬೇರೆ ಲೆಕ್ಕ.

ಪಟ್ಟಿಯ ಅಂಕಿ ಬರೆದ ಕಡೆಯೇ ಕೂತಿರುತ್ತದೆ, ಅಂಗಡಿಯ ಬೆಲೆ ಕೂರುವುದಿಲ್ಲ. 2022ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಹಣದುಬ್ಬರ ಶೇ. 11.1ಕ್ಕೆ ಮುಟ್ಟಿತು. ಮೂರು ವರ್ಷದ ಬೆಲೆಯೇರಿಕೆಯನ್ನು ಮೊದಲೇ ಅಂದಾಜು ಮಾಡಿ ಪಟ್ಟಿಗೆ ಸೇರಿಸಿದ್ದರು, ಆದರೆ ಆ ಅಂದಾಜು ಸಾಲಲಿಲ್ಲ. ಮೂರು ವರ್ಷಕ್ಕೊಮ್ಮೆ ಪರಿಶೀಲಿಸಬೇಕೆಂದು ಕಾನೂನಿನಲ್ಲೇ ಇದ್ದುದರಿಂದ ಪರಿಶೀಲನೆ ನಡೆದು ದರ ಸುಮಾರು ಶೇ. 15 ಏರಿತು. 240 ಪೌಂಡ್ 275 ಆಯಿತು. ಆದರೆ ಇದು 2025ರ ಮೇ 31 ಮತ್ತು ಆಮೇಲೆ ಆದ ಅಪಘಾತಗಳಿಗೆ ಮಾತ್ರ. ಮೇ 30ರಂದು ಕತ್ತು ಉಳುಕಿಸಿಕೊಂಡವನಿಗೆ ಹಳೆಯ 240 ಪೌಂಡೇ ಗತಿ. ಇಬ್ಬರೂ ಬ್ರೆಡ್ ಕೊಳ್ಳುವುದು ಮಾತ್ರ ಒಂದೇ ಬೆಲೆಗೆ!

ನಮ್ಮ ದೇಶದ ಕಥೆಯನ್ನೂ ಕೇಳಿ. ತಪ್ಪು ಯಾರದೆಂದು ಸಾಬೀತು ಮಾಡದೆಯೇ ಪರಿಹಾರ ಕೇಳುವವರಿಗಾಗಿ 1994ರಲ್ಲಿ ಮೋಟಾರು ವಾಹನ ಕಾಯಿದೆಗೆ ಒಂದು ಪಟ್ಟಿ ಸೇರಿಸಿದರು. ಸಣ್ಣ ಗಾಯದ ನೋವಿಗೆ 1,000 ರೂಪಾಯಿ, ದೊಡ್ಡದಕ್ಕೆ 5,000. ಜೀವನವೆಚ್ಚ ನೋಡಿ ಕೇಂದ್ರ ಸರಕಾರ ಆಗಾಗ ಬದಲಿಸಬಹುದು ಎಂದೂ ಬರೆದಿತ್ತು. ‘ಬಹುದು’ ಎಂಬ ಮಾತಿದ್ದರೆ ಕಡತ ಎಷ್ಟು ನಿಧಾನವಾಗಿ ಸಾಗುತ್ತದೆ ಎಂಬುದು ಗುಮಾಸ್ತನಾಗಿದ್ದ ನನಗೆ ಚೆನ್ನಾಗಿ ಗೊತ್ತು. ಕರ್ನಾಟಕದಿಂದ ಹೋದ ಮೇಲ್ಮನವಿಯೊಂದರಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಈ ಪಟ್ಟಿ ಕೆಲಸಕ್ಕೆ ಬಾರದ್ದಾಗಿದೆ ಎಂದಿತು. ಆದರೂ ಪಟ್ಟಿ ಬದಲಾಗಿದ್ದು 2018ರ ಮೇ ತಿಂಗಳಿನಲ್ಲಿ.

ನಡುವೆ 24 ವರ್ಷ! ನಮ್ಮ ಕಾಲದ ಬ್ಯಾಂಕಿನವರಿಗೆ ಒಂದು ಸುಲಭ ಸೂತ್ರ ಬಾಯಿಪಾಠ: 72ನ್ನು ಶೇಕಡಾ ದರದಿಂದ ಭಾಗಿಸಿದರೆ ಮೊತ್ತ ಇಮ್ಮಡಿಯಾಗುವ ವರ್ಷ ಸಿಗುತ್ತದೆ. ಬೆಲೆ ವರ್ಷಕ್ಕೆ ಶೇ. 6 ಏರಿದರೆ 12 ವರ್ಷಕ್ಕೆ ಇಮ್ಮಡಿ, 24ಕ್ಕೆ ನಾಲ್ಮಡಿ. ಅಂದರೆ 1,000 ರೂಪಾಯಿಯ ನೋವು 250ಕ್ಕೆ ಇಳಿದ ಹಾಗಾಯಿತು.

2018ರಲ್ಲಿ ಸಣ್ಣ ಗಾಯಕ್ಕೆ 25,000, ಸಾವಿಗೆ 5 ಲಕ್ಷ ಎಂದು ಮಾಡಿ, 2019ರಿಂದ ಪ್ರತಿ ವರ್ಷ ಶೇ. 5 ತಾನಾಗಿ ಏರಬೇಕೆಂದೂ ಬರೆದರು. ಅದರ ಹಿಂದಿನ ವರ್ಷವಷ್ಟೇ ಸುಪ್ರೀಂ ಕೋರ್ಟ್, ಸಂಗಾತಿಯನ್ನು ಕಳೆದುಕೊಂಡವರಿಗೆ 40,000 ನಿಗದಿ ಮಾಡಿ, ಮೂರು ವರ್ಷಕ್ಕೊಮ್ಮೆ ಶೇ. 10 ಸೇರಿಸಿ ಎಂದಿತ್ತು. ಅದು 44,000 ಆಗಿ, ಬಳಿಕ 48,400 ಆಯಿತು. ಯಾರೂ ಅರ್ಜಿ ಹಿಡಿದು ಅಲೆಯಬೇಕಾಗಿಲ್ಲದ ಇಂಥ ಏರಿಕೆಯೇ ನನಗೆ ಒಪ್ಪಿಗೆ.

2022ರ ಏಪ್ರಿಲ್ 1ರಿಂದ ಆ ಪಟ್ಟಿಯೇ ಹೋಗಿ ಹೊಸ ಕಲಮು ಬಂದಿದೆ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ವರ್ಷವರ್ಷ ಏರಿಸುವ ಮಾತು ಅದರಲ್ಲಿಲ್ಲ. ಅಜ್ಜ-ಅಜ್ಜಿಯ ಜೊತೆ ಕೂತು ಒಂದು ಲೆಕ್ಕ ಮಾಡಿ. 5 ಲಕ್ಷಕ್ಕೆ ವರ್ಷಕ್ಕೆ ಶೇ. 5ರಂತೆ ಮೂರು ಸಲ ಚಕ್ರಬಡ್ಡಿ ಸೇರಿಸಿದರೆ ಎಷ್ಟಾಗುತ್ತದೆ? ನನಗೆ 5,78,812 ರೂಪಾಯಿ 50 ಪೈಸೆ ಬಂತು.