ಜೋಕಾಲಿ ಆಡುವ ಜನ ರಾಜಕೀಯ ಮರೆಯುತ್ತಾರಾ?

ಹಡಗು ಕೋಪನ್‌ಹೇಗನ್ ಬಂದರಿನಲ್ಲಿ ನಿಂತ ದಿನ ನನಗೆ ನಾಲ್ಕು ತಾಸು ಬಿಡುವು ಸಿಕ್ಕಿತ್ತು. ನಾನು ಕ್ರೂಸ್ ಪ್ರಯಾಣಿಕನಲ್ಲ, ಅವರ ಬೆಡ್‌ಶೀಟ್, ಟವೆಲ್ ಒಗೆಯುವ ಲಾಂಡ್ರಿಯವನು. ಪ್ರಯಾಣಿಕರೆಲ್ಲ ಹೋಗುವ ಟಿವೊಲಿಗೆ ನಾನೂ ಹೋದೆ. ಅದು ನಗರದ ನಡುವೆ, ಮುಖ್ಯ ರೈಲು ನಿಲ್ದಾಣದ ಪಕ್ಕದಲ್ಲೇ ಇರುವ 1843ರ ಅಮ್ಯೂಸ್‌ಮೆಂಟ್ ಪಾರ್ಕ್. 1914ರ ಮರದ ರೋಲರ್ ಕೋಸ್ಟರ್ ಅಲ್ಲಿ ಇನ್ನೂ ಓಡುತ್ತದೆ. ಪ್ರತಿ ಗಾಡಿಯಲ್ಲೂ ಬ್ರೇಕ್ ಹಿಡಿಯಲು ಒಬ್ಬ ಕೂತಿರುತ್ತಾನೆ.

ನಿಂಬರ್ಗಾದಲ್ಲಿರುವ ತಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. "ಅಣ್ಣಾ, ಕಲಬುರಗಿ ಶರಣಬಸಪ್ಪನ ಜಾತ್ರಿ ಇದ್ದಂಗೇ ಅದ ನೋಡು" ಅಂದ. "ಹೌದು, ಆದ್ರ ಇಲ್ಲಿ ಒಳಗ ಬರಲಿಕ್ಕೇ ಟಿಕೆಟ್ ತಗೋಬೇಕು" ಅಂದೆ.

"ಮಜಾ ಮಾಡೋ ಜಾಗಕ್ಕೆ ರಾಜಕೀಯ ತರಬೇಡ್ರಪ್ಪ" ಅನ್ನೋ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಟಿವೊಲಿ ಹುಟ್ಟಿದ್ದೇ ರಾಜಕೀಯದ ಲೆಕ್ಕಾಚಾರದಿಂದ.

ಆಗ ಡೆನ್ಮಾರ್ಕ್‌ನಲ್ಲಿ ಸಂವಿಧಾನ ಇರಲಿಲ್ಲ, ರಾಜ ಹೇಳಿದ್ದೇ ಕಾನೂನು. ಗಿಯೋರ್ಗ್ ಕಾರ್ಸ್ಟೆನ್ಸನ್ ಎಂಬಾತ ಪಾರ್ಕ್‌ಗೆ ಅನುಮತಿ ಕೇಳಿಕೊಂಡು ಎಂಟನೇ ಕ್ರಿಶ್ಚಿಯನ್ ರಾಜನ ಬಳಿ ಹೋದ. ಜನ ಮೋಜಿನಲ್ಲಿ ಮುಳುಗಿದ್ದರೆ ರಾಜಕೀಯದ ಬಗ್ಗೆ ಯೋಚಿಸುವುದಿಲ್ಲ ಎಂದು ಹೇಳಿ ರಾಜನನ್ನು ಒಪ್ಪಿಸಿದ ಎಂಬ ಮಾತು ಇವತ್ತಿಗೂ ಪ್ರಚಲಿತ. ಕೋಟೆಗೋಡೆಯ ಹೊರಗಿನ ಜಾಗ ಸಿಕ್ಕಿತು. 1843ರ ಆಗಸ್ಟ್ 15ರಂದು ಟಿವೊಲಿ ತೆರೆಯಿತು.

ಲೆಕ್ಕ ತಪ್ಪಿದ್ದು ಮುಂದೆ. ಟಿವೊಲಿ ಬೇಸಿಗೆಗೆ ಆಯ್ತು, ಚಳಿಗಾಲಕ್ಕೂ ಒಂದು ಬೇಕಲ್ಲ? ಅದಕ್ಕಾಗಿ ಅದೇ ಕಾರ್ಸ್ಟೆನ್ಸನ್ ಯೋಜನೆಯಂತೆ 'ಕ್ಯಾಸಿನೊ' ಎಂಬ ರಂಗಮಂದಿರ 1847ರಲ್ಲಿ ಶುರುವಾಯಿತು. ದೊಡ್ಡ ಸಭಾಂಗಣ ಅಂದರೆ ಸಾವಿರಾರು ಜನ ಒಟ್ಟಿಗೆ ಸೇರುವ ಜಾಗ. 1848ರ ಮಾರ್ಚ್‌ನಲ್ಲಿ ರಾಜಕೀಯ ಬದಲಾವಣೆ ಕೇಳುವ ಸಭೆಗಳು ನಡೆದದ್ದು ಅಲ್ಲೇ. ಮಾರ್ಚ್ 20ರ ಸಭೆಯ ಮರುದಿನ ಸುಮಾರು 15 ಸಾವಿರ ಮಂದಿ ಅರಮನೆಗೆ ಮೆರವಣಿಗೆ ಹೋದರು. ಹೊಸ ರಾಜ ಹಳೇ ಮಂತ್ರಿಗಳನ್ನು ಕೈಬಿಟ್ಟ. 1849ರ ಜೂನ್ 5ರಂದು ಸಂವಿಧಾನ ಬಂತು. ರಾಜಕೀಯ ಮರೆಸಲು ಹೊರಟವನು ಯೋಜಿಸಿದ ಮನರಂಜನೆಯ ಮನೆಯಲ್ಲೇ ಜನ ರಾಜನ ನಿರಂಕುಶ ಆಳ್ವಿಕೆಗೆ ಕೊನೆ ಹಾಡಿದರು.

ಹಾಗಂತ ಗೇಟ್ ಎಲ್ಲರಿಗೂ ತೆರೆಯಿತು ಅಂದುಕೊಳ್ಳಬೇಡಿ. 1849ರಲ್ಲಿ ಮತದ ಹಕ್ಕು ಸಿಕ್ಕಿದ್ದು 30 ದಾಟಿದ, ಸ್ವಂತ ಮನೆ ನಡೆಸುವ ಗಂಡಸರಿಗೆ. ಇನ್ನೊಬ್ಬರ ಮನೆಯಲ್ಲಿ ಆಳಾಗಿದ್ದವರಿಗೆ ಇಲ್ಲ. ಹೆಂಗಸರು 1915ರವರೆಗೆ ಕಾಯಬೇಕಾಯಿತು. 1905ರಲ್ಲಿ ಇದೇ ಟಿವೊಲಿಯಲ್ಲಿ ವಸಾಹತು ಪ್ರದರ್ಶನ ನಡೆಯಿತು. ವೆಸ್ಟ್ ಇಂಡೀಸ್‌ನ ದ್ವೀಪದಿಂದ ಕರೆತಂದ ಏಳು ವರ್ಷದ ವಿಕ್ಟರ್ ಕಾರ್ನೆಲಿನ್ಸ್ ಮತ್ತು ಅವನಿಗಿಂತ ಚಿಕ್ಕ ಹುಡುಗಿಯನ್ನು, ಓಡಾಡುತ್ತಾರೆಂಬ ಕಾರಣಕ್ಕೆ, ಪಂಜರದಲ್ಲಿ ಇಟ್ಟು ತೋರಿಸಿದರು. ಆ ಹುಡುಗ ದೊಡ್ಡವನಾಗಿ ಅದೇ ದೇಶದಲ್ಲಿ ಶಾಲಾ ಮೇಷ್ಟ್ರಾದ. ನಮ್ಮ ಪಕ್ಕದ ತಮಿಳುನಾಡಿನ ತರಂಗಂಬಾಡಿಯೂ 1845ರವರೆಗೆ ಡೆನ್ಮಾರ್ಕ್ ಕೈಯಲ್ಲೇ ಇತ್ತು.

ಮೋಜಿಗೊಂದು ಜಾಗ, ರಾಜಕೀಯಕ್ಕೊಂದು ಜಾಗ ಎಂದು ಬೇಲಿ ಹಾಕುವ ಆಸೆ ಆಳುವವರಿಗೆ ಇನ್ನೂ ಹೋಗಿಲ್ಲ. ಬೆಂಗಳೂರಿನಲ್ಲಿ 2021ರ ಆದೇಶದ ಪ್ರಕಾರ ಪ್ರತಿಭಟನೆ ಫ್ರೀಡಂ ಪಾರ್ಕ್‌ನೊಳಗೇ ಆಗಬೇಕು. ಹಳೇ ಸೆಂಟ್ರಲ್ ಜೈಲಿದ್ದ ಜಾಗ ಅದು! ನಮ್ಮ ಜಾತ್ರೆಯಲ್ಲಿ ಈ ಬೇಲಿ ನಿಲ್ಲುವುದಿಲ್ಲ. ತೊಟ್ಟಿಲ ಸಾಲಿನಲ್ಲಿ ನಿಂತವರು ತೊಗರಿ ರೇಟಿನ ಬಗ್ಗೆಯೂ ಬೈಯುತ್ತಾರೆ, ಎಂಎಲ್‌ಎ ಬಗ್ಗೆಯೂ ಬೈಯುತ್ತಾರೆ.

ಟಿವೊಲಿಯ ಬೆಂಚಿನ ಮೇಲೆ ಕೂತಾಗ ನನಗೆ ಆ 1849ರ ಆಳುಗಳೇ ನೆನಪಾದರು. 2023ರ ಮೇ 10ರಂದು ಆಳಂದದಲ್ಲಿ ಮತದಾನ ನಡೆದಾಗ ನಾನು ಸಮುದ್ರದ ಮೇಲಿದ್ದೆ. ಗಡಿ ಕಾಯುವ ಸೈನಿಕರಿಗೆ ಅಂಚೆ ಮತ ಇದೆ, ಇರಲೇಬೇಕು. ಹಡಗಿನಲ್ಲಿ ದುಡಿಯುವ ನಮಗೆ ಇಲ್ಲ. ಊರಿಗೆ ಬಂದು ಸಾಲಿನಲ್ಲಿ ನಿಂತರಷ್ಟೇ ವೋಟು. ಕಾಂಟ್ರಾಕ್ಟ್ ನಡುವೆ ಬಿಟ್ಟು ಬರುವುದಾದರೂ ಹೇಗೆ?

ನಾಲ್ಕು ತಾಸು ಮುಗಿಯಿತು. ಹಡಗಿನ ಬಾಗಿಲಲ್ಲಿ ಕಾರ್ಡ್ ತೋರಿಸಿ ಒಳಗೆ ಹೋದೆ. ತಮ್ಮ ಮೆಸೇಜ್ ಹಾಕಿದ್ದ: "ಅಣ್ಣಾ, ಮಜಾ ಬಂತೇನು?" ಬಂತು ಎಂದು ಬರೆದೆ. ಜೊತೆಗೆ, ಮುಂದಿನ ಸಲ ವೋಟು ಕೇಳಲು ಮನೆಗೆ ಯಾರೇ ಬಂದರೂ ಹಡಗಿನವರ ಅಂಚೆ ಮತದ ಬಗ್ಗೆ ಕೇಳು ಎಂದೂ ಬರೆದೆ.