ತಾಳ ಹಿಡಿದವನ ಘನತೆ

ಶಾಲೆಯ ಮೆರವಣಿಗೆಯೊಂದು ಬೀದಿಯಲ್ಲಿ ಸಾಗಿ ಬರುವಾಗ ನೋಡುವವರ ಕಣ್ಣು ಮೊದಲು ಹೋಗುವುದು ಮುಂದೆ ಕೋಲು ತಿರುಗಿಸುತ್ತ ನಡೆಯುವ ನಾಯಕನ ಕಡೆಗೆ. ಆಮೇಲೆ ಹೊಟ್ಟೆಯ ಮೇಲೆ ದೊಡ್ಡ ಡ್ರಮ್ಮನ್ನು ಹೊತ್ತವನ ಕಡೆಗೆ. ಅನಂತರ ಪಟಪಟನೆ ಕಡ್ಡಿಯಾಡಿಸುವ ಸಣ್ಣ ಡ್ರಮ್ಮಿನವರ ಕಡೆಗೆ. ತಾಳ ಹಿಡಿದವನು ಕಣ್ಣಿಗೆ ಬೀಳುವುದು ಎಲ್ಲರಿಗಿಂತ ಕಡೆಯಲ್ಲಿ. ಕಿವಿಯಾದರೋ ಅವನನ್ನೇ ಮೊದಲು ಗುರುತಿಸುತ್ತದೆ. ಎರಡು ಬೀದಿಯಾಚೆ ಮನೆಯೊಳಗಿದ್ದವರು ‘ಮೆರವಣಿಗೆ ಬಂತು’ ಎಂದು ಹೊರಗೆ ಬರುವುದು ಆ ಕಂಚಿನ ದನಿಯನ್ನು ಕೇಳಿಯೇ. ಹೀಗೆ ಕಣ್ಣಿಗೆ ಕಡೆಯವನೂ ಕಿವಿಗೆ ಮೊದಲಿಗನೂ ಆದ ಈ ಹುಡುಗನ ಪರವಾಗಿ ನಾಲ್ಕು ಮಾತು ಬರೆಯಬೇಕೆಂದು ಬಹುದಿನಗಳಿಂದ ನನ್ನ ಮನಸ್ಸಿನಲ್ಲಿತ್ತು.

ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ಹೆದ್ದಾರಿಯ ಮೇಲಿನ ಮೂರು ಊರುಗಳು. ದೇಶಕ್ಕೆ 1947ರ ಆಗಸ್ಟ್ 15ರಂದು ಬಂದ ಸ್ವಾತಂತ್ರ್ಯ, ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಗೆ ತಲುಪಿದುದು 1948ರ ಸೆಪ್ಟೆಂಬರ್ 17ರಂದು. ಆದುದರಿಂದ ಉಳಿದ ಕನ್ನಡ ನಾಡಿನ ಮಕ್ಕಳಿಗಿಂತ ನಮ್ಮ ಮಕ್ಕಳು ವರ್ಷಕ್ಕೆ ಒಂದು ಸಲ ಹೆಚ್ಚಾಗಿ ಹೆಜ್ಜೆ ಹಾಕುತ್ತಾರೆ. ಅದೂ ಅಲ್ಲದೆ, ಲಿಂಗಸುಗೂರು ಹತ್ತೊಂಬತ್ತನೆಯ ಶತಮಾನದಲ್ಲಿ ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ಛಾವಣಿಯಾಗಿದ್ದ ಊರು. ಡ್ರಮ್ಮು, ಬ್ಯೂಗಲ್ಲು, ಜೋಡಿ ತಾಳ ಇವೆಲ್ಲ ಮೂಲತಃ ಅಂಥ ಛಾವಣಿಗಳ ಸೊತ್ತು; ಸಿಪಾಯಿಗಳ ಕಾಲನ್ನು ಕೂಡಿಸಲು ಹುಟ್ಟಿದವು. ಇಂದು ಅವೇ ವಾದ್ಯಗಳು ಮಕ್ಕಳ ಕೈಯಲ್ಲಿ ಸ್ವಾತಂತ್ರ್ಯದ ಹಬ್ಬವನ್ನು ಸಾರುತ್ತವೆ. ಭೇರಿಯ ಘೋಷವು ಧರ್ಮದ ಘೋಷವಾಯಿತೆಂದು ಅಶೋಕನು ತನ್ನ ನಾಲ್ಕನೆಯ ಶಿಲಾಶಾಸನದಲ್ಲಿ ಹೇಳಿಕೊಂಡಿದ್ದಾನೆ. ಅಷ್ಟು ದೊಡ್ಡ ಮಾತು ನಮಗೆ ಬೇಡ; ಯುದ್ಧದ ವಾದ್ಯ ಶಾಲೆಯ ವಾದ್ಯವಾಯಿತು ಎಂದರೂ ಸಾಕು, ಅದು ಸಣ್ಣ ಸಂಗತಿಯಲ್ಲ.

ಈ ಸೀಮೆಯ ಒಂದು ಶಾಲೆಯಲ್ಲಿ ನಾನು ಮೂರು ವರ್ಷ ತಾಳ ಹಿಡಿದವನು. ಚುರುಕಾದ ಬೆರಳುಳ್ಳವರಿಗೆ ಸಣ್ಣ ಡ್ರಮ್ಮು, ಎದೆಯಲ್ಲಿ ಗಾಳಿಯುಳ್ಳವರಿಗೆ ಬ್ಯೂಗಲ್ಲು, ಹೆಗಲು ಗಟ್ಟಿಯಿದ್ದವನಿಗೆ ದೊಡ್ಡ ಡ್ರಮ್ಮು ಎಂದು ಡ್ರಿಲ್ ಮಾಸ್ತರರು ಹಂಚಿದ ಮೇಲೆ ಉಳಿದದ್ದು ತಾಳ, ಉಳಿದವನು ನಾನು. ಸಂಜೆ ಈ ಸುದ್ದಿಯನ್ನು ಕೇಳಿದ ನೆರೆಮನೆಯ ಹಿರಿಯರೊಬ್ಬರು, “ಎರಡು ತಾಟು ಬಡಿಯಾಕ ಕಲಿಯೂದೇನೈತೋ ತಮ್ಮಾ?” ಎಂದು ನಕ್ಕರು. ನನ್ನಲ್ಲಿ ಆಗ ಉತ್ತರವಿರಲಿಲ್ಲ. ಉತ್ತರವನ್ನು ಕೈಗಳು ಕಲಿತುಕೊಂಡವು.

ಎರಡು ತಾಳಗಳನ್ನು ಎದುರೆದುರು ಹಿಡಿದು ಚಪ್ಪಾಳೆ ತಟ್ಟಿದಂತೆ ನೇರವಾಗಿ ಬಡಿದರೆ ದನಿ ಹುಟ್ಟುವುದೇ ಇಲ್ಲ. ಅಂಚು ಅಂಚನ್ನು ಒಂದೇ ಕ್ಷಣದಲ್ಲಿ ಮುಟ್ಟಿದಾಗ ನಡುವಿನ ಗಾಳಿ ಸೆರೆಯಾಗಿ, ಎರಡೂ ಒಂದಕ್ಕೊಂದು ಅಂಟಿಕೊಂಡು, ಮುಚ್ಚಳ ಮುಚ್ಚಿದಂಥ ಒಂದು ಮೊಂಡು ಸದ್ದು ಬರುತ್ತದೆ, ಅಷ್ಟೆ. ತಾಳಗಳು ತುಸು ಓರೆಯಾಗಿ ಕೂಡಬೇಕು. ಒಂದರ ಅಂಚು ಇನ್ನೊಂದರ ಅಂಚಿಗಿಂತ ಕೂದಲೆಳೆಯಷ್ಟು ಮುಂಚೆ ತಾಕಬೇಕು. ತಾಕಿದೊಡನೆ ಬಿಡಿಸಿಕೊಂಡು ಮೇಲೇಳಬೇಕು. ದನಿ ಸಾಕೆನಿಸಿದಾಗ ಎದೆಗೊತ್ತಿ ಅದನ್ನು ಅಡಗಿಸಬೇಕು. ಎಬ್ಬಿಸುವುದು ಅರ್ಧ ವಿದ್ಯೆ, ಅಡಗಿಸುವುದು ಇನ್ನರ್ಧ. ತೊಗಲಿನ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡು ಬಿಸಿಲಿನಲ್ಲಿ ಒಂದು ಗಂಟೆ ನಡೆದವನಿಗೆ ಅವುಗಳ ತೂಕವನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.

ಕೈಯ ಕೆಲಸಕ್ಕಿಂತ ಕಠಿನವಾದುದು ಲೆಕ್ಕದ ಕೆಲಸ. ಕವಾಯತಿನ ನಡಿಗೆಯಲ್ಲಿ ನಿಮಿಷಕ್ಕೆ ಸುಮಾರು 120 ಹೆಜ್ಜೆ. ನಾಲ್ಕು ಹೆಜ್ಜೆಗೊಮ್ಮೆ ತಾಳ ಬೀಳುವುದಾದರೆ ನಿಮಿಷಕ್ಕೆ 30 ಪೆಟ್ಟು ಬಾರಿಸಬೇಕು, 90 ಹೆಜ್ಜೆ ಸುಮ್ಮನಿರಬೇಕು. ಡ್ರಮ್ಮಿನವನು ಒಂದು ಪೆಟ್ಟು ಬಿಟ್ಟರೆ ಪಕ್ಕದವನ ಪೆಟ್ಟು ಅದನ್ನು ಮುಚ್ಚಿಬಿಡುತ್ತದೆ. ತಾಳದವನ ಪೆಟ್ಟು ಅರ್ಧ ಹೆಜ್ಜೆ ಆಚೀಚೆಯಾದರೂ ಬೀದಿಯೆಲ್ಲ ತಿರುಗಿ ನೋಡುತ್ತದೆ. ಇನ್ನೂ ಒಂದು ಸಂಗತಿಯುಂಟು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುತ್ತದೆ. ವಾದ್ಯಗಳಿಂದ 85 ಮೀಟರು ಹಿಂದೆ ನಡೆಯುವ ಮಗುವಿಗೆ ಪೆಟ್ಟು ಕೇಳುವುದು ಕಾಲು ಸೆಕೆಂಡು, ಎಂದರೆ ಅರ್ಧ ಹೆಜ್ಜೆ ತಡವಾಗಿ. ಸಾಲಿನ ತುದಿ ಹೆಜ್ಜೆ ತಪ್ಪುವುದು ಆ ಮಕ್ಕಳ ದೋಷವಲ್ಲ, ಗಾಳಿಯ ಗುಣ. ಆಗ ನೆರವಿಗೆ ಬರುವುದು ಬಿಸಿಲಿನಲ್ಲಿ ಮೇಲೆತ್ತಿದ ತಾಳದ ಹೊಳಪು. ಕಿವಿಗೆ ತಡವಾದುದು ಕಣ್ಣಿಗೆ ತಡವಾಗದು.

ಈ ಲೆಕ್ಕವನ್ನು ನನಗೆ ತಿಳಿಯಪಡಿಸಿದವನು ನನ್ನ ಪಕ್ಕದಲ್ಲಿ ದೊಡ್ಡ ಡ್ರಮ್ಮು ಹೊತ್ತ ಹುಡುಗ. ನಮ್ಮ ಹಳ್ಳಿಗಳಲ್ಲಿ ವಾದ್ಯಕ್ಕೂ ಜಾತಿಯುಂಟೆಂಬುದನ್ನು ಓದುಗರು ಬಲ್ಲರು. ಹಲಗೆ ಬಡಿಯುವುದು ಒಂದು ಕೇರಿಯವರ ಕಲೆ ಎನಿಸಿಕೊಳ್ಳಲಿಲ್ಲ. ಅವರ ಮೇಲೆ ಹೊರಿಸಿದ ಚಾಕರಿ ಎನಿಸಿಕೊಂಡಿತು. ಮದುವೆಗೆ ಹಲಗೆ ಬೇಕು, ಜಾತ್ರೆಗೆ ಹಲಗೆ ಬೇಕು, ಸಾವಿಗೂ ಬೇಕು. ಬಡಿದವನು ಮಾತ್ರ ಅಂಗಳದ ಅಂಚಿನಲ್ಲಿ ನಿಲ್ಲಬೇಕು. ಆ ಹುಡುಗನ ಮನೆಯ ಗೂಟಕ್ಕೂ ಹಲಗೆ ತೂಗುಬಿದ್ದಿತ್ತು. “ನನ್ನ ಕೈ ನೋಡಬ್ಯಾಡ, ಭುಜ ನೋಡು, ಕೈಗಿಂತ ಮೊದಲು ಅದು ಏಳತೈತಿ” ಎಂದು ಅವನು ಒಮ್ಮೆ ಹೇಳಿದ. ಅಂದಿನಿಂದ ನಮ್ಮಿಬ್ಬರ ಪೆಟ್ಟು ಬೇರೆಯಾಗಲಿಲ್ಲ. ಒಂದು ಆಗಸ್ಟ್ 15ರಂದು ನಮ್ಮ ಸಾಲು ಪೇಟೆಯ ನಡುಬೀದಿಯಲ್ಲಿ ಸಾಗುವಾಗ ಅವನ ತಂದೆ ಜನರ ನಡುವೆ ಕೈಕಟ್ಟಿ ನಿಂತಿದ್ದರು. ಊರಿನ ಪ್ರಮುಖರು ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಆ ತಂದೆಯ ಮಗ ನಡುವೆ ನಡೆದ. ಊರೆಲ್ಲ ಅವನ ಪೆಟ್ಟಿಗೆ ಹೆಜ್ಜೆ ಹಾಕುತ್ತಿತ್ತು. ಆ ತಂದೆಯ ಮುಖದಲ್ಲಿ ಕಂಡುದನ್ನು ನಾನು ವರ್ಣಿಸಲಾರೆ. ನನ್ನ ತಾಳಕ್ಕೆ ಅಂದು ಹೆಮ್ಮೆ ಬಂದುದು ಅದು ಗಟ್ಟಿಯಾಗಿ ಮೊಳಗಿತೆಂದಲ್ಲ, ಅಂಥ ಪೆಟ್ಟಿನ ಜೊತೆಗೆ ಮೊಳಗಿತೆಂದು.

ನಮ್ಮ ಶಾಸ್ತ್ರಕಾರರು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ತಂತಿಯೂ ಉಸಿರೂ ತೊಗಲೂ ಇಲ್ಲದೆ ತನ್ನ ಮೈಯಿಂದಲೇ ನುಡಿಯುವುದು ಘನವಾದ್ಯ. ತಾಳ ಈ ವರ್ಗದ್ದು. ಶಾಸ್ತ್ರದಲ್ಲಿ ಘನವೆಂದರೆ ಗಟ್ಟಿ. ಕನ್ನಡದಲ್ಲಿ ಅದು ಮರ್ಯಾದೆಯ ಮಾತೂ ಹೌದು. ಒಳ್ಳೆಯ ತಾಳದ ಕಂಚಿನಲ್ಲಿ ನೂರಕ್ಕೆ ಸುಮಾರು 80 ಪಾಲು ತಾಮ್ರ, 20 ಪಾಲು ತವರ. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗದ್ದಿದರೆ ಪೆಡಸಾಗುತ್ತದೆ. ಇಷ್ಟು ತವರವುಳ್ಳ ಕಂಚನ್ನು ಹಾಗೆ ಅದ್ದಿದರೆ ಸುತ್ತಿಗೆಗೆ ಬಾಗುವ ಹದಕ್ಕೆ ಬರುತ್ತದೆ. ಬೆಂಕಿಯನ್ನೂ ನೀರನ್ನೂ ತಾಳಿಕೊಂಡ ಮೇಲೆಯೇ ಅದಕ್ಕೆ ನಾದ. ಬ್ಯಾಂಡಿನ ವಾದ್ಯಗಳಿಗೆ ಹೆಸರಾದ ಮೀರತ್ತಿನ ಜಲಿ ಕೋಠಿಯಂಥ ಪೇಟೆಗಳಿಂದ ನಮ್ಮ ಕಡೆಯ ಶಾಲೆಗಳಿಗೆ ಬರುವ ತಾಳ ಅನೇಕ ವೇಳೆ ಹಿತ್ತಾಳೆಯದಾಗಿರುತ್ತದೆ. ದನಿ ಸ್ವಲ್ಪ ಒರಟು. ಆದರೂ ಬೀದಿಗೆ ಸಾಲದೆಂದು ಯಾರೂ ಅಂದಿಲ್ಲ.

ಹಿಂದಿನ ಕನ್ನಡ ಶಾಸನಗಳಲ್ಲಿ ಸಾಮಂತರನ್ನು ‘ಸಮಧಿಗತ ಪಂಚಮಹಾಶಬ್ದ’ರೆಂದು ಹೊಗಳುವುದುಂಟು. ಶೃಂಗ, ಶಂಖ, ಭೇರಿ, ತಮ್ಮಟ, ಜಯಘಂಟೆ ಎಂಬ ಐದು ವಾದ್ಯಗಳನ್ನು ತನ್ನ ಮುಂದೆ ನುಡಿಸಿಕೊಳ್ಳುವ ಹಕ್ಕು ಚಕ್ರವರ್ತಿಯಿಂದ ದೊರೆಯಬೇಕಾಗಿದ್ದ ಬಿರುದಾಗಿತ್ತು. ಲೋಹದ ಒಂದು ದನಿಗಾಗಿ ಅರಸರು ಹಾತೊರೆದ ನಾಡು ಇದು. ಅರಮನೆಯ ಹೊರಗೆ ಭಜನೆಯ ಗುಡಿಯಲ್ಲಿ, ಉತ್ತರ ಕರ್ನಾಟಕದ ಕರಡಿ ಮಜಲಿನಲ್ಲಿ, ಡೊಳ್ಳಿನ ಮೇಳದಲ್ಲಿ ತಾಳ ಇಂದಿಗೂ ಜನರ ಕೈಯಲ್ಲಿದೆ. ಶಾಲೆಯ ಅಂಗಳದಲ್ಲಿ ಮಕ್ಕಳು ಕುಣಿಸುವ ಲೇಜಿಮಿನ ಬಿಲ್ಲೆಗಳೂ ಇದೇ ವಂಶದ ಮರಿಗಳು. ಇಡೀ ಲಯಶಾಸ್ತ್ರಕ್ಕೆ ಇರುವ ಹೆಸರೂ ಈ ವಾದ್ಯಕ್ಕೆ ಇರುವ ಹೆಸರೂ ಒಂದೇ, ‘ತಾಳ’. ಬೇರೆ ಯಾವ ವಾದ್ಯಕ್ಕೆ ಈ ಭಾಗ್ಯವಿದೆ?

ಪಶ್ಚಿಮದ ಸೈನ್ಯಗಳು ಹದಿನೆಂಟನೆಯ ಶತಮಾನದಲ್ಲಿ ತಾಳವನ್ನು ತುರ್ಕರ ಸೈನ್ಯದ ಮೇಳದಿಂದ ಪಡೆದವು. ಅಲ್ಲಿಂದ ಅದು ಸಂಗೀತಸಭೆಗೆ ಏರಿತು. 1824ರಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿದ ಬೀಥೋವನ್ನನ ಒಂಬತ್ತನೆಯ ಸಿಂಫನಿಯ ಕಡೆಯ ಭಾಗದಲ್ಲಿ ತಾಳವುಂಟು. 1884ರಲ್ಲಿ ಲೈಪ್‌ಜಿಗ್ ನಗರದಲ್ಲಿ ಮೊದಲು ಕೇಳಿಬಂದ ಬ್ರುಕ್ನರನ ಏಳನೆಯ ಸಿಂಫನಿಯ ಸಂಗತಿ ಇನ್ನೂ ಸ್ವಾರಸ್ಯಕರ. ಒಂದು ಗಂಟೆಗೂ ಮೀರಿದ ಆ ಕೃತಿಯಲ್ಲಿ ತಾಳದವನಿಗೆ ಇರುವುದು ಒಂದೇ ಒಂದು ಪೆಟ್ಟು. ಅದನ್ನು ಇಡಬೇಕೆ ಬಿಡಬೇಕೆ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಒಂದು ಪೆಟ್ಟಿಗಾಗಿ ಅಷ್ಟು ಹೊತ್ತು ಕಾಯುವವನೂ ಇದ್ದಾನೆ; ಆ ಒಂದು ಪೆಟ್ಟಿಗಾಗಿ ತಲೆಮಾರುಗಳ ಕಾಲ ಜಗಳವಾಡುವವರೂ ಇದ್ದಾರೆ! ತಾಳಿದವನು ಬಾಳಿಯಾನು ಎಂಬ ನಮ್ಮ ಗಾದೆಯನ್ನು ತಾಳದವನಿಗಾಗಿಯೇ ಕಟ್ಟಿದರೋ ಎನಿಸುತ್ತದೆ.

ಇತ್ತೀಚೆಗೆ ಮೆರವಣಿಗೆಗಳಲ್ಲಿ ಧ್ವನಿವರ್ಧಕದ ಗಾಡಿ ಮುಂದೆ ಹೋಗುತ್ತದೆ; ಮಕ್ಕಳು ಹಿಂದೆ ನಡೆಯುತ್ತಾರೆ. ಅದರಿಂದ ಗದ್ದಲಕ್ಕೇನೂ ಕೊರತೆಯಿಲ್ಲ. ಆದರೆ ಯಂತ್ರವು ಯಾರನ್ನೂ ಕಾಯುವುದಿಲ್ಲ, ಪಕ್ಕದವನ ಭುಜವನ್ನು ನೋಡುವುದಿಲ್ಲ. ಒಂದು ಜೋಡಿ ತಾಳವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ ಶಾಲೆಯು ಒಬ್ಬ ಹುಡುಗನಿಗೆ, ಒಬ್ಬ ಹುಡುಗಿಗೆ, ‘ನೀನಿಲ್ಲದೆ ಈ ಸಾಲು ಪೂರ್ಣವಾಗದು’ ಎಂದು ಹೇಳುವ ಅವಕಾಶವನ್ನೇ ಕಳೆದುಕೊಂಡಂತೆ. ಉಪಾಧ್ಯಾಯ ಮಿತ್ರರು ಇದನ್ನು ಯೋಚಿಸಬೇಕು.

ಮಸ್ಕಿಯ ಗುಡ್ಡದ ಬಂಡೆಯ ಮೇಲಿನ ಅಶೋಕನ ಶಾಸನವನ್ನು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರು ಬೆಳಕಿಗೆ ತಂದರು. ದೇವಾನಾಂಪ್ರಿಯನ ಸ್ವಂತ ಹೆಸರು ಅಶೋಕನೆಂಬುದು ಅದರಿಂದ ಸ್ಥಿರಪಟ್ಟಿತೆಂದು ಶಾಲೆಯಲ್ಲಿ ಎಲ್ಲರೂ ಕಲಿಯುತ್ತೇವೆ, ಪರೀಕ್ಷೆಯಲ್ಲಿ ಬರೆಯುತ್ತೇವೆ. ಹೆಸರಿನ ಸಡಗರದಲ್ಲಿ ಆ ಶಾಸನದ ತಿರುಳನ್ನು ಮರೆಯಬಾರದು. ಧರ್ಮದಲ್ಲಿ ತೊಡಗಿದ ಸಣ್ಣವನೂ ಈ ಗುರಿಯನ್ನು ಮುಟ್ಟಬಲ್ಲ, ದೊಡ್ಡವರಿಗೆ ಮಾತ್ರ ಇದು ಸಾಧ್ಯವೆಂದು ಎಣಿಸಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು, ಹೀಗೆ ನಡೆದುಕೊಂಡರೆ ಇದು ಬಹುಕಾಲ ನಿಂತು ಒಂದೂವರೆ ಪಟ್ಟು ಬೆಳೆಯುತ್ತದೆ ಎಂಬುದು ಅದರ ಸಾರಾಂಶ. ಅರಸನು ಹೇಳಿದುದು ಪುಣ್ಯದ ವಿಷಯ. ಆದರೂ ಸೆಪ್ಟೆಂಬರಿನ ಬೆಳಗಿನಲ್ಲಿ ಆ ಗುಡ್ಡದ ಕೆಳಗಿನ ಬೀದಿಯಲ್ಲಿ ಸಾಲಿನ ಕಡೆಯ ಮಗು ಉಸಿರು ಬಿಗಿಹಿಡಿದು ಒಂದು, ಎರಡು, ಮೂರು ಎಂದು ಎಣಿಸುತ್ತ ಕಂಚನ್ನು ಮೇಲೆತ್ತಿದಾಗ, ಆ ಮಾತು ಅದಕ್ಕೂ ಸಲ್ಲುತ್ತದೆಂದೇ ನಾನು ನಂಬಿದ್ದೇನೆ.